ನೋಡದೆ ಮರಳುವ ಧೈರ್ಯ: ಜ್ವಾಲಾಮುಖಿಯ ಕರಾವಳಿಯಲ್ಲಿ ಪ್ರವಾಸಿ

(ನರಗುಂದದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಸಮುದ್ರದಿಂದ ಇಷ್ಟು ದೂರದ ನರಗುಂದದಲ್ಲಿ ಜ್ವಾಲಾಮುಖಿಯ ಕರಾವಳಿಯ ಮಾತೇಕೆ ಎಂದು ಆಮಂತ್ರಣ ಪತ್ರಿಕೆ ಓದಿದ ಕೆಲವರಿಗಾದರೂ ಅನಿಸಿರಬೇಕು. ಕಾರಣ ನಮ್ಮ ಮನೆಗಳಲ್ಲೇ ಇದೆ. ಒಂದು ಕಾಲಕ್ಕೆ ಈ ಭಾಗದವರ ಪ್ರವಾಸವೆಂದರೆ ಯಲ್ಲಮ್ಮನ ಗುಡ್ಡ, ಬನಶಂಕರಿ, ಪಂಢರಪುರ. ದೂರ ಹೋದರೆ ಧರ್ಮಸ್ಥಳ, ಉಡುಪಿ. ಈಗ ಬೆಂಗಳೂರು, ಪುಣೆಗಳಲ್ಲಿ ದುಡಿಯುವ ಮಕ್ಕಳು ಅಪ್ಪ ಅವ್ವನನ್ನು ಅಂಡಮಾನಿಗೆ ಕರೆದೊಯ್ಯುತ್ತಾರೆ. ಮದುವೆಯಾದ ಹೊಸ ಜೋಡಿ ಬಾಲಿಗೆ ಹೋಗುತ್ತದೆ. ಅಮೆರಿಕದಲ್ಲಿ ಮಗಳಿದ್ದರೆ ಹವಾಯಿ, ಯುರೋಪಿನಲ್ಲಿ ಮಗನಿದ್ದರೆ ಇಟಲಿ, ಐಸ್‌ಲ್ಯಾಂಡ್. ಇವೆಲ್ಲವೂ ಭೂಮಿಯೊಳಗಿನ ಬೆಂಕಿಯೂ ಕಡಲೂ ಒಂದೇ ಕಡೆ ಸೇರುವ ನಾಡುಗಳು. ಕಾಲುವೆ, ಹಳ್ಳ, ಹೊಲಗಳ ನಡುವೆ ಬೆಳೆದ ನಮಗೆ ಕಡಲೂ ಹೊಸದು, ಬೆಂಕಿಯ ಬೆಟ್ಟವೂ ಹೊಸದು. ಎರಡನ್ನೂ ಅರಿಯದೆ ಹೋಗಿ ನಿಲ್ಲುತ್ತಿದ್ದೇವೆ ಎಂಬ ಕಾಳಜಿಯೇ ಈ ಉಪನ್ಯಾಸಕ್ಕೆ ಮೂಲ.

ನಾನು ಹೇಳಬೇಕೆಂದಿರುವುದು ಒಂದೇ ಸಂಗತಿ. ಇಂಥ ಕರಾವಳಿಯಲ್ಲಿ ಪ್ರವಾಸಿಯ ಜೀವ ಉಳಿಯುವುದು ಅವನ ಗಟ್ಟಿತನದಿಂದಲ್ಲ, ಅದೃಷ್ಟದಿಂದಲೂ ಅಲ್ಲ. ನೋಡಲು ಬಂದದ್ದನ್ನು ನೋಡದೆಯೇ ಮರಳಲು ಅವನು ಸಿದ್ಧನಿದ್ದಾನೋ ಇಲ್ಲವೋ ಎಂಬುದರಿಂದ. ಉಳಿದ ನಿಯಮಗಳೆಲ್ಲ ಇದರ ಹಿಂದೆ ಬರುತ್ತವೆ.

ನಮ್ಮ ನಾಡಿನ ಆರಿದ ಬೆಂಕಿ

ಕರ್ನಾಟಕದಲ್ಲಿ ಇಂದು ಜೀವಂತ ಜ್ವಾಲಾಮುಖಿ ಒಂದೂ ಇಲ್ಲ. ಆದರೆ ಈ ನಾಡಿನ ಬಹುಭಾಗ ಬೆಂಕಿಯಿಂದಲೇ ಹುಟ್ಟಿದ್ದು. ನಮ್ಮ ಕಪ್ಪತಗುಡ್ಡದ ಪ್ರಾಚೀನ ಶಿಲೆಗಳಲ್ಲಿ ಲಾವಾದಿಂದ ಆದ ಪದರಗಳಿವೆ. ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಬಂಡೆಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿ ಕಾಯ್ದಿರಿಸಲಾಗಿದೆ. ಲಾವಾ ನೀರಿನೊಳಗೆ ಉಕ್ಕಿ ಥಟ್ಟನೆ ತಣಿದಾಗ ಮಾತ್ರ ಆ ಆಕಾರ ಬರುತ್ತದೆ. ಅಂದರೆ ಇಂದಿನ ಬಯಲುಸೀಮೆಯ ನಡುವೆ ನೂರಾರು ಕೋಟಿ ವರ್ಷಗಳ ಹಿಂದೆ ಒಂದು ಕಡಲಿತ್ತು, ಅದರ ತಳದಲ್ಲಿ ಬೆಂಕಿ ಇತ್ತು. ಕೃಷ್ಣೆ ದಾಟಿ ವಿಜಯಪುರಕ್ಕೆ ಹೋದರೆ ಕಾಲಡಿಯಲ್ಲಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಹರಿದ ಲಾವಾ. ಗೋಳಗುಮ್ಮಟವನ್ನು ಕಟ್ಟಿದ್ದು ಅದೇ ಕಪ್ಪು ಕಲ್ಲಿನಲ್ಲಿ.

ನಮ್ಮ ಶಾಲೆಯ ಮಕ್ಕಳು ಹೆಚ್ಚಾಗಿ ನೋಡುವ ಲಾವಾ ಕರಾವಳಿಯೆಂದರೆ ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪ. ತೋನ್ಸೆಪಾರು ಎಂದೂ ಅದನ್ನು ಕರೆಯುತ್ತಾರೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಇಲ್ಲಿ ಲಾವಾ ಉಕ್ಕಿತು. ತಣಿಯುತ್ತ ಕುಗ್ಗಿದಾಗ ಉದ್ದುದ್ದ ಸೀಳಿ, ಐದು, ಆರು, ಏಳು ಮುಖದ ಕಂಬಗಳಾಗಿ ನಿಂತಿತು. ಇದೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೇ. ದಡದಿಂದ ದೋಣಿಯಲ್ಲಿ ಸುಮಾರು ಅರ್ಧ ತಾಸಿನ ಹಾದಿ.

ಅಲ್ಲಿಯ ಬೆಂಕಿ ಆರಿ ಕೋಟ್ಯಂತರ ವರ್ಷಗಳಾದವು, ಆದರೆ ಜೀವಗಳು ಇಂದಿಗೂ ಹೋಗುತ್ತಿವೆ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದ ಮೂವರು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಆ ದ್ವೀಪದ ಬಂಡೆಗಳ ಬಳಿ ನೀರುಪಾಲಾದರು. 2024ರ ಡಿಸೆಂಬರ್‌ನಲ್ಲಿ ಅದೇ ಕರಾವಳಿಯ ಮುರ್ಡೇಶ್ವರದ ದಂಡೆಯಲ್ಲಿ, ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ಮುಳುಗಿದರು. ಅವರೂ ನಮ್ಮ ಮಕ್ಕಳಂತೆ ಬಯಲುನಾಡಿನವರು. ಹೆಣ್ಣುಮಕ್ಕಳನ್ನು ಪ್ರವಾಸಕ್ಕೆ ಕಳಿಸಿ ದಾರಿ ಕಾಯುತ್ತಿದ್ದ ಆ ಮನೆಗಳನ್ನು ನೆನೆದರೆ ಮಾತು ಹೊರಡುವುದಿಲ್ಲ.

ಲಾವಾ ಕಂಬಗಳ ದಂಡೆ ಮರಳಿನ ದಂಡೆಯಂತಲ್ಲ. ಕಂಬದ ಬುಡದಲ್ಲೇ ಆಳವಿರುತ್ತದೆ. ಉಬ್ಬರದಲ್ಲಿ ತೊಯ್ದ ಕಲ್ಲಿನ ಮೇಲೆ ಪಾಚಿ, ಕಲ್ಲಿನ ಸಂದಿಯಲ್ಲಿ ಬ್ಲೇಡಿನಷ್ಟು ಹರಿತವಾದ ಚಿಪ್ಪು. ಹತ್ತು ಅಲೆ ಸಣ್ಣದಾಗಿ ಬಂದು ಹನ್ನೊಂದನೆಯದು ಎದೆಮಟ್ಟ ಏರಬಹುದು. ಕಾಲು ಜಾರಿದವನನ್ನು ಅಲೆ ಒಳಗೆಳೆಯುವ ಮೊದಲು ಕಲ್ಲಿಗೆ ಅಪ್ಪಳಿಸುತ್ತದೆ. ಆದ್ದರಿಂದ ತೊಯ್ದ ಬಂಡೆಯನ್ನು ಕಂಡರೆ, ಇಲ್ಲಿಯವರೆಗೆ ಅಲೆ ಬಂದಿತ್ತು, ಇನ್ನೊಮ್ಮೆ ಬರುತ್ತದೆ ಎಂದು ತಿಳಿಯಬೇಕು. ಸಮುದ್ರಕ್ಕೆ ಬೆನ್ನು ತಿರುಗಿಸಿ ಫೋಟೋಕ್ಕೆ ನಿಲ್ಲಬಾರದು. ಗುರುತು ಹಾಕಿದ ಜಾಗ ಬಿಟ್ಟು ನೀರಿಗಿಳಿಯಬಾರದು. ದೋಣಿಯಲ್ಲಿ ಜೀವರಕ್ಷಕ ಜಾಕೆಟ್ಟಿನ ದಾರ ಬಿಗಿಯಬೇಕು. ಮಳೆಗಾಲದಲ್ಲಿ ದೋಣಿ ನಿಲ್ಲಿಸುತ್ತಾರೆ. ಆಗ ಹೆಚ್ಚು ದುಡ್ಡು ಕೊಟ್ಟು ಮೀನುಗಾರರನ್ನು ಒಪ್ಪಿಸಲು ನೋಡುವುದು ಅವರ ಜೀವಕ್ಕೂ ಎರವು.

ಉಸಿರಾಡುವ ದ್ವೀಪ

ಭಾರತದಲ್ಲಿ ಇಂದಿಗೂ ಹೊಗೆಯಾಡುವ ಒಂದೇ ಜ್ವಾಲಾಮುಖಿ ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪ. ನಾವು ಪೋರ್ಟ್ ಬ್ಲೇರ್ ಎನ್ನುತ್ತಿದ್ದ, 2024ರಿಂದ ಶ್ರೀ ವಿಜಯಪುರಂ ಎಂಬ ಹೆಸರು ಪಡೆದ ಊರಿನಿಂದ ಈಶಾನ್ಯಕ್ಕೆ ಸುಮಾರು 140 ಕಿ.ಮೀ. ಸಮುದ್ರಮಟ್ಟದ ಮೇಲೆ ಎತ್ತರ 354 ಮೀಟರ್ ಮಾತ್ರ, ಬೆಟ್ಟದ ಬಹುಪಾಲು ನೀರಿನೊಳಗಿದೆ. 1787ರಲ್ಲಿ ಅದು ಉರಿಯುತ್ತಿದ್ದುದರ ದಾಖಲೆ ಇದೆ. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಶಾಂತವಾದದ್ದು 1991ರಲ್ಲಿ ಮತ್ತೆ ಎದ್ದಿತು. 2004ರ ಸುನಾಮಿಯ ಮರುವರ್ಷ ಮತ್ತೆ ಉಕ್ಕಿತು. ಆಮೇಲೂ ಬಿಟ್ಟು ಬಿಟ್ಟು ಉಸಿರಾಡುತ್ತಲೇ ಇದೆ. 2025ರ ಸೆಪ್ಟೆಂಬರ್‌ನಲ್ಲೂ ಸಣ್ಣದಾಗಿ ಸಿಡಿಯಿತು. ಶತಮಾನದ ನಿದ್ದೆ ಸಾವಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಆ ದ್ವೀಪದಲ್ಲಿ ಜನವಸತಿ ಇಲ್ಲ. ಪ್ರವಾಸಿಗಳು ಇಳಿಯುವಂತಿಲ್ಲ, ಹಡಗಿನಿಂದಲೇ ನೋಡಿ ಮರಳಬೇಕು. ಇಷ್ಟು ಖರ್ಚು ಮಾಡಿ ಬಂದು ಇಳಿಯಲೂ ಬಿಡುವುದಿಲ್ಲವೇ ಎಂದು ಬೇಸರಪಡುವವರಿದ್ದಾರೆ. ಬ್ಯಾರನ್ನಿನ ಆ ನಿಯಮ ನನಗೆ ಜಗತ್ತಿನ ಒಳ್ಳೆಯ ನಿಯಮಗಳಲ್ಲಿ ಒಂದೆನಿಸುತ್ತದೆ. ಯಾಕೆಂದು ನ್ಯೂಜಿಲೆಂಡಿನ ಫಾಕಾರಿ ದ್ವೀಪ ಹೇಳುತ್ತದೆ.

ಫಾಕಾರಿಗೆ ವೈಟ್ ಐಲ್ಯಾಂಡ್ ಎಂಬ ಹೆಸರೂ ಇದೆ. ದಡದಿಂದ 48 ಕಿ.ಮೀ. ದೂರ. ದೋಣಿಯಲ್ಲಿ ಹೋಗಿ, ಹೆಲ್ಮೆಟ್ ಹಾಕಿಕೊಂಡು, ಕುಳಿಯ ತಳದಲ್ಲೇ ನಡೆದಾಡುವ ಪ್ರವಾಸ ವರ್ಷಗಟ್ಟಲೆ ನಡೆದಿತ್ತು. 2019ರ ನವೆಂಬರ್‌ನಲ್ಲಿ ಅಲ್ಲಿಯ ವಿಜ್ಞಾನಿಗಳು ಎಚ್ಚರಿಕೆಯ ಮಟ್ಟವನ್ನು 1ರಿಂದ 2ಕ್ಕೆ ಏರಿಸಿದರು. ಪ್ರವಾಸ ನಿಲ್ಲಲಿಲ್ಲ. ಡಿಸೆಂಬರ್ 9ರ ಮಧ್ಯಾಹ್ನ ನೆಲದೊಳಗಿನ ನೀರು ಒಮ್ಮೆಲೇ ಆವಿಯಾಗಿ ಸಿಡಿದಾಗ ದ್ವೀಪದ ಮೇಲೆ 47 ಜನರಿದ್ದರು. ಅವರಲ್ಲಿ 22 ಜನ ಸತ್ತರು, ಉಳಿದವರಲ್ಲಿ ಅನೇಕರು ತೀವ್ರವಾಗಿ ಸುಟ್ಟುಕೊಂಡರು. ಲಾವಾ ಹರಿಯಲೇ ಇಲ್ಲ. ಬಿಸಿ ಬೂದಿ, ಆವಿ, ಕಲ್ಲುಗಳೇ ಸಾಕಾದವು. ಇಂಥ ಆವಿಸ್ಫೋಟಕ್ಕೆ ಕೆಲವೊಮ್ಮೆ ನಿಮಿಷದ ಮುನ್ಸೂಚನೆಯೂ ಸಿಗುವುದಿಲ್ಲ. ಸತ್ತವರಲ್ಲಿ ದಾರಿ ತೋರಿಸುತ್ತಿದ್ದ ಮಾರ್ಗದರ್ಶಕರೂ ಇದ್ದರು.

ಇಲ್ಲಿ ಕಲಿಯಬೇಕಾದದ್ದು ಸ್ಪಷ್ಟ. ಟಿಕೆಟ್ ಮಾರುತ್ತಿದ್ದಾರೆ, ಆದ್ದರಿಂದ ಅಪಾಯವಿಲ್ಲ ಎಂಬ ತರ್ಕ ಸಲ್ಲದು. ನಿನ್ನೆಯವರು ಹೋಗಿ ಬಂದಿದ್ದಾರೆ ಎಂಬುದೂ ಇವತ್ತಿಗೆ ಸಾಕ್ಷಿಯಲ್ಲ. ಮಾರುವವರು ಏನನ್ನುತ್ತಾರೆಂದು ಕೇಳುವ ಮೊದಲು ಅಳೆಯುವವರು ಏನನ್ನುತ್ತಾರೆಂದು ನೋಡಬೇಕು.

ಹಗೇವು ತಿಳಿದವರಿಗೆ ಹೇಳಬೇಕಿಲ್ಲ

ನರಗುಂದದ ಹಿರಿಯರಿಗೆ ನೆಲದ ಕೆಳಗಿನ ಪೊಳ್ಳು ಗೊತ್ತು. ಜೋಳ ತುಂಬಿಡುತ್ತಿದ್ದ ಹಳೆಯ ಹಗೇವುಗಳು ಮರೆತುಹೋಗಿ, ಅವುಗಳ ಮೇಲೆ ಮನೆ ಎದ್ದು, ಅಂತರ್ಜಲ ಏರಿದಾಗ ಓಣಿಯಲ್ಲೇ, ಮನೆಯೊಳಗೇ ನೆಲ ಕುಸಿದದ್ದನ್ನು ಈಚಿನ ವರ್ಷಗಳಲ್ಲಿ ಈ ಪಟ್ಟಣ ಕಂಡಿದೆ. ಮೇಲೆ ನಿಂತವನಿಗೆ ನೆಲ ಗಟ್ಟಿಯಾಗಿಯೇ ಕಾಣುತ್ತಿತ್ತು. ಇನ್ನೊಂದು ಮಾತೂ ಹಿರಿಯರಿಗೆ ಗೊತ್ತು: ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡಿ, ದೀಪ ಆರದಿದ್ದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ಒಳಗೆ ನಿಂತ ಕೆಟ್ಟ ಗಾಳಿ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ಹತ್ತುವುದಿಲ್ಲ.

ಬೆಂಕಿಯ ಕರಾವಳಿಯಲ್ಲಿ ಈ ಎರಡೂ ಅಪಾಯಗಳಿವೆ, ಹತ್ತಾರು ಪಟ್ಟು ದೊಡ್ಡದಾಗಿ.

ಮೊದಲನೆಯದು ನೆಲ. ಹವಾಯಿಯಲ್ಲಿ ಕೀಲಾವೇಯಾ ಬೆಟ್ಟದ ಲಾವಾ ಸಮುದ್ರಕ್ಕೆ ಸೇರುವಾಗ ಅಂಚಿನಲ್ಲಿ ಹೊಸ ನೆಲ ಬೆಳೆಯುತ್ತದೆ. ಮೇಲೆ ಕಪ್ಪು ಚಪ್ಪಡಿ, ಕೆಳಗೆ ಸಡಿಲ ಪುಡಿಕಲ್ಲು, ಅದರಡಿಗೆ ಅಲೆ. 2016ರ ಡಿಸೆಂಬರ್ 31ರಂದು ಅಂಥ 20 ಎಕರೆಗೂ ಹೆಚ್ಚು ನೆಲ ಕೆಲವು ತಾಸುಗಳಲ್ಲಿ ಕಡಲಿಗೆ ಬಿತ್ತು. ಕುಸಿತ ಶುರುವಾದ ಮೇಲೂ ಐವರು ಪ್ರವಾಸಿಗಳು ತಡೆಗೆ ಕಟ್ಟಿದ್ದ ಹಗ್ಗದ ಕೆಳಗೆ ನುಸುಳಿ ಅಂಚಿನತ್ತ ಹೊರಟಿದ್ದರು. ಅಲ್ಲಿಯ ರಾಷ್ಟ್ರೀಯ ಉದ್ಯಾನದ ಕಾವಲುಗಾರರು ಬೆನ್ನಟ್ಟಿ ಅವರನ್ನು ಹಿಂದಕ್ಕೆ ಕರೆತಂದರು. ಕಾಲು ತಾಸಿನೊಳಗೆ ಅವರು ನಿಂತಿದ್ದ ದಂಡೆಯೇ ಕಡಲಿಗೆ ಉರುಳಿತು. ಹಗ್ಗ ಕಟ್ಟಿದವರಿಗೆ ನೆಲದ ಕೆಳಗಿನದು ಗೊತ್ತಿತ್ತು, ನುಸುಳಿದವರಿಗೆ ಮೇಲಿನದಷ್ಟೇ ಕಂಡಿತ್ತು.

ಲಾವಾ ಕಡಲಿಗೆ ಬೀಳುವಲ್ಲಿ ಏಳುವ ಬಿಳಿ ಮಂಜು ಫೋಟೋದಲ್ಲಿ ಚೆಂದ ಕಾಣುತ್ತದೆ. ಅದು ನೀರಾವಿ ಮಾತ್ರವಲ್ಲ. ಉಪ್ಪುನೀರು ಕುದಿದು ಹುಟ್ಟಿದ ಹೈಡ್ರೋಕ್ಲೋರಿಕ್ ಆಮ್ಲವೂ ಗಾಜಿನ ಸಣ್ಣ ಚೂರುಗಳೂ ಅದರಲ್ಲಿರುತ್ತವೆ. ಅದು ಕಣ್ಣು, ಚರ್ಮ, ಶ್ವಾಸಕೋಶಗಳನ್ನು ಸುಡುತ್ತದೆ. ದೋಣಿಯಲ್ಲಿದ್ದರೂ ದೂರ ಬೇಕು. 2018ರ ಜುಲೈ 16ರಂದು ಹವಾಯಿಯಲ್ಲೇ ನೀರಿನೊಳಗಿನ ಸ್ಫೋಟದಿಂದ ಹಾರಿದ ಲಾವಾ ಕಲ್ಲೊಂದು ಪ್ರವಾಸಿ ದೋಣಿಯ ಚಾವಣಿ ತೂರಿಕೊಂಡು ಬಿದ್ದು 23 ಜನ ಗಾಯಗೊಂಡರು.

ಎರಡನೆಯದು ಗಾಳಿ. ಜ್ವಾಲಾಮುಖಿಯಿಂದ ಹೊರಡುವ ಇಂಗಾಲದ ಡೈಆಕ್ಸೈಡ್ ಸಾಮಾನ್ಯ ಗಾಳಿಗಿಂತ ಭಾರ. ತಗ್ಗಿನಲ್ಲಿ, ಗುಹೆಯಲ್ಲಿ, ಗಾಳಿಯಾಡದ ಮುಂಜಾವಿನಲ್ಲಿ ತುಂಬಿ ನಿಲ್ಲುತ್ತದೆ. ಇಟಲಿಯ ವುಲ್ಕಾನೋ ದ್ವೀಪದಲ್ಲಿ ಲಾವಾ ಬಾರದಿದ್ದರೂ ಈ ಅನಿಲ ಹೆಚ್ಚಿದ್ದಕ್ಕೆ 2021ರ ನವೆಂಬರ್‌ನಲ್ಲಿ ಬಂದರಿನ ಸುತ್ತಲಿನವರು ರಾತ್ರಿ ತಮ್ಮ ಮನೆಗಳಲ್ಲಿ ಮಲಗಬಾರದೆಂದು ಆದೇಶವಾಯಿತು. ಗಂಧಕದ ಡೈಆಕ್ಸೈಡ್ ಗಂಟಲನ್ನು ಹಿಂಡುತ್ತದೆ, ಉಬ್ಬಸದವರಿಗೆ ಅದು ಹೆಚ್ಚು ಅಪಾಯ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ನಿಂತಿತು ಎಂದರೆ ಅಪಾಯ ಹೋಯಿತೆಂದಲ್ಲ. ಆದ್ದರಿಂದ ಅಂಥಲ್ಲಿ ತಗ್ಗಿಗಿಳಿಯದೆ, ಗಾಳಿ ಬರುವ ಕಡೆಗೆ ಸರಿದು, ಎತ್ತರದ ದಾರಿಯಲ್ಲಿರಬೇಕು. ಮಕ್ಕಳ ಮುಖ ನೆಲಕ್ಕೆ ಹತ್ತಿರ, ಅವರಿಗೆ ಮೊದಲು ತಾಗುತ್ತದೆ. ಬಟ್ಟೆ ಮುಚ್ಚಿಕೊಂಡರೆ ಬೂದಿ ಸ್ವಲ್ಪ ತಡೆದೀತು, ಅನಿಲ ತಡೆಯುವುದಿಲ್ಲ.

ಕಡಲೂ ಆಕಾಶವೂ

ಬೆಟ್ಟ ಸಿಡಿದಾಗ ಓಡಿ ದಂಡೆಗೆ ಬಂದರೆ ಬದುಕಿದೆವು ಎಂದು ತೋರುತ್ತದೆ. ಇಂಡೋನೇಷ್ಯಾದ ಸುಂದಾ ಜಲಸಂಧಿಯ ಚರಿತ್ರೆ ಬೇರೆಯೇ ಹೇಳುತ್ತದೆ. 1883ರ ಆಗಸ್ಟಿನಲ್ಲಿ ಕ್ರಾಕಟೋವಾ ಸಿಡಿದಾಗ ಸತ್ತ 36,000ಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಜನರನ್ನು ಕೊಂದದ್ದು ಸುನಾಮಿ. ಅದೇ ಜಾಗದಲ್ಲಿ ಬೆಳೆದ ಮರಿ ಕ್ರಾಕಟೋವಾದ ಒಂದು ಮಗ್ಗುಲು 2018ರ ಡಿಸೆಂಬರ್ 22ರ ರಾತ್ರಿ ಕಡಲಿಗೆ ಜಾರಿತು. ದೊಡ್ಡ ಭೂಕಂಪದ ಮುನ್ಸೂಚನೆ ಇರಲಿಲ್ಲ, ಎಚ್ಚರಿಕೆಯ ಗಂಟೆ ಮೊಳಗಲಿಲ್ಲ. ದಂಡೆಯ ಹೋಟೆಲುಗಳಲ್ಲಿ ರಜೆ ಕಳೆಯುತ್ತಿದ್ದವರೂ ಸೇರಿ 400ಕ್ಕೂ ಹೆಚ್ಚು ಜನ ತೀರಿಕೊಂಡರು.

ಅಂಥ ದಂಡೆಯಲ್ಲಿ ತಂಗುವವರು ಕೋಣೆಗೆ ಸಾಮಾನು ಇಟ್ಟ ಕೂಡಲೇ ಎತ್ತರದ ಜಾಗಕ್ಕೆ ಯಾವ ದಾರಿ ಎಂದು ಕೇಳಿ, ಹಗಲಲ್ಲೇ ಒಮ್ಮೆ ನಡೆದು ನೋಡಬೇಕು. ನೆಲ ಬಹಳ ಹೊತ್ತು ನಡುಗಿದರೆ, ಕಡಲು ಅಸಹಜವಾಗಿ ಹಿಂದೆ ಸರಿದರೆ, ಕಡಲಿನಿಂದ ಭೋರ್ಗರೆತ ಕೇಳಿದರೆ ಸೈರನ್ ಕಾಯದೆ ಮೇಲಕ್ಕೆ ಹೋಗಬೇಕು. ಮೊದಲ ಅಲೆ ಇಳಿಯಿತೆಂದು ಕೆಳಗಿಳಿಯಬಾರದು, ಹಿಂದೆ ಬರುವುದು ಇನ್ನೂ ದೊಡ್ಡದಿರಬಹುದು. ನಮ್ಮ ದೇಶದ ತೀರಗಳಿಗೆ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯಿಂದ 2007ರಿಂದ ಸುನಾಮಿ ಎಚ್ಚರಿಕೆ ಹೊರಡುತ್ತದೆ. ಅಂಡಮಾನಿಗೆ ಹೋಗುವವರು ಆ ಹೆಸರನ್ನು ನೆನಪಿಡಬೇಕು.

ಬೂದಿಯ ಕತೆ ಬೇರೆ. ಜ್ವಾಲಾಮುಖಿಯ ಬೂದಿ ಒಲೆಯ ಬೂದಿಯಲ್ಲ, ಕಲ್ಲು ಮತ್ತು ಗಾಜಿನ ಪುಡಿ. 1982ರ ಜೂನ್ 24ರಂದು ಜಾವಾದ ಗಲುಂಗುಂಗ್ ಬೆಟ್ಟದ ಬೂದಿಯೊಳಗೆ ಹೊಕ್ಕ ಜಂಬೋ ವಿಮಾನದ ನಾಲ್ಕೂ ಎಂಜಿನ್ನುಗಳು ನಿಂತುಹೋಗಿದ್ದವು. ಕೆಳಕ್ಕಿಳಿದ ಮೇಲೆ ಎಂಜಿನ್ ಮತ್ತೆ ಹೊತ್ತಿ ಎಲ್ಲರೂ ಉಳಿದರು. ಅಂದಿನಿಂದ ಬೂದಿಯ ವಿಷಯದಲ್ಲಿ ವಿಮಾನಯಾನ ಬಹಳ ಕಟ್ಟುನಿಟ್ಟಾಯಿತು. 2017ರ ನವೆಂಬರ್‌ನಲ್ಲಿ ಆಗುಂಗ್ ಸಿಡಿದು ಬಾಲಿಯ ನಿಲ್ದಾಣವೇ ಮುಚ್ಚಿತು. 2024ರ ನವೆಂಬರ್‌ನಲ್ಲಿ ನೂರಾರು ಕಿ.ಮೀ. ದೂರದ ಫ್ಲೋರೆಸ್ ದ್ವೀಪದ ಲೆವೊಟೋಬಿಯ ಬೂದಿಗೆ ಭಾರತದಿಂದ ಬಾಲಿಗೆ ಹೊರಡಬೇಕಿದ್ದ ವಿಮಾನಗಳೂ ರದ್ದಾದವು. ಇದರಿಂದ ಪ್ರವಾಸಿ ತಿಳಿಯಬೇಕಾದದ್ದು ಸರಳ: ಮರಳುವ ದಿನ ಕೈಯಲ್ಲಿರುವುದಿಲ್ಲ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಒಂದು ವಾರ ಹೆಚ್ಚಿಗೆ ಒಯ್ಯಬೇಕು. ಪ್ರವಾಸ ವಿಮೆಯನ್ನು ಟಿಕೆಟ್ಟಿನ ಜತೆಗೇ ಮಾಡಿಸಬೇಕು. ಬೆಟ್ಟ ಸಿಡಿದ ಸುದ್ದಿ ಬಂದ ಮೇಲೆ ಮಾಡಿಸಿದರೆ ಆ ನಷ್ಟ ಸಾಮಾನ್ಯವಾಗಿ ಅದರಲ್ಲಿ ಸೇರುವುದಿಲ್ಲ. ಭಾರತೀಯ ರಾಯಭಾರ ಕಚೇರಿಯ ನಂಬರು ಕಾಗದದ ಮೇಲೂ ಬರೆದಿರಬೇಕು. ಬೂದಿ ಸುರಿಯುವಾಗ ಕಿಟಕಿ ಮುಚ್ಚಿ ಒಳಗಿರಬೇಕು. ಹೊರಬರಲೇಬೇಕಾದರೆ ಎನ್-95 ಮಾಸ್ಕ್, ಕಣ್ಣಿಗೆ ಕನ್ನಡಕ ಇರಲಿ. ಕಾಂಟ್ಯಾಕ್ಟ್ ಲೆನ್ಸ್ ತೆಗೆದಿಡಬೇಕು.

ಅಳೆಯುವವರ ಮಾತು

ಇಂಡೋನೇಷ್ಯಾದಲ್ಲಿ ಎಚ್ಚರಿಕೆಗೆ ನಾಲ್ಕು ಮೆಟ್ಟಿಲು: ನಾರ್ಮಲ್, ವಾಸ್‌ಪಾದಾ, ಸಿಯಾಗಾ, ಆವಾಸ್. ಕೊನೆಯದು ಊರು ಬಿಡುವ ಮಟ್ಟ. ಅಮೆರಿಕದಲ್ಲಿ ವಿಮಾನಗಳಿಗಾಗಿ ಹಸಿರು, ಹಳದಿ, ಕಿತ್ತಳೆ, ಕೆಂಪು. ಜಪಾನಿನಲ್ಲಿ 1ರಿಂದ 5, ನ್ಯೂಜಿಲೆಂಡಿನಲ್ಲಿ 0ಯಿಂದ 5. ಹವಾಯಿಯ ವೀಕ್ಷಣಾಲಯ 1912ರಿಂದ ಬೆಟ್ಟದ ನಾಡಿ ಹಿಡಿದು ಕೂತಿದೆ. ಭೂಮಿಯ ಸಣ್ಣ ನಡುಕ, ಬೆಟ್ಟದ ಮೈ ಉಬ್ಬುವಿಕೆ, ಅನಿಲದ ಪ್ರಮಾಣ, ಈ ಮೂರನ್ನೂ ಹಗಲಿರುಳು ಅಳೆದು ಮಟ್ಟ ಹೇಳುತ್ತಾರೆ. ಹೋಗುವ ವಾರ ಒಮ್ಮೆ, ಹೋಗುವ ದಿನ ಬೆಳಿಗ್ಗೆ ಇನ್ನೊಮ್ಮೆ ಆ ಮಟ್ಟವನ್ನು ನೋಡಬೇಕು. ಆದರೆ ಕೆಳಗಿನ ಮಟ್ಟವೂ ಅಭಯವಲ್ಲ. 2023ರ ಡಿಸೆಂಬರ್‌ನಲ್ಲಿ ಸುಮಾತ್ರಾದ ಮರಾಪಿ ಎರಡನೆಯ ಮೆಟ್ಟಿಲಲ್ಲಿದ್ದಾಗಲೇ ಸಿಡಿದು ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಸತ್ತರು. ಕುಳಿಯ ಸುತ್ತ 3 ಕಿ.ಮೀ. ಒಳಗೆ ಹೋಗಬಾರದೆಂಬ ಸೂಚನೆ ಮೊದಲೇ ಇತ್ತು. ಮಟ್ಟದ ಜತೆಗೆ ಹೇಳುವ ಆ ದೂರವನ್ನು ಓದುವುದೇ ಮುಖ್ಯ.

ನರಗುಂದದವರಿಗೆ ಒಂದು ಮಾತು

ಇದು ಬಂಡಾಯದ ಊರು. 1858ರಲ್ಲಿ ಇಲ್ಲಿಯ ಅರಸ ಬಾಬಾಸಾಹೇಬರು ಬ್ರಿಟಿಷರ ಆಜ್ಞೆಗೆ ತಲೆಬಾಗಲಿಲ್ಲ. 1980ರ ಜುಲೈ 21ರಂದು ರೈತರು ಕರದ ಭಾರಕ್ಕೆ ಎದುರು ನಿಂತರು. ಅಂಥ ಊರಿನಲ್ಲಿ ನಿಂತು ಹಗ್ಗ ದಾಟಬೇಡಿ, ಕಾವಲುಗಾರನ ಮಾತು ಕೇಳಿ ಎಂದು ಹೇಳುವಾಗ ನಾನು ಯೋಚಿಸಿಯೇ ಹೇಳುತ್ತಿದ್ದೇನೆ. ಈ ನೆಲದವರು ಮುರಿದದ್ದು ತಮ್ಮಿಂದ ಕಸಿದುಕೊಳ್ಳುವ ಆಜ್ಞೆಯನ್ನು. ಕಡಲಂಚಿನ ಹಗ್ಗ ನಮ್ಮಿಂದ ಏನನ್ನೂ ಕಸಿಯುವುದಿಲ್ಲ, ನಮ್ಮನ್ನು ನಮ್ಮ ಮನೆಗೆ ಉಳಿಸಿಕೊಡುತ್ತದೆ. ಅದನ್ನು ದಾಟುವುದರಲ್ಲಿ ಯಾವ ಪೌರುಷವೂ ಇಲ್ಲ. ದಾಟಿದವನನ್ನು ಹುಡುಕಲು ಇಳಿಯುವವನು ಮಲ್ಪೆಯ ಮೀನುಗಾರ, ಅಂಡಮಾನಿನ ಕರಾವಳಿ ರಕ್ಷಕ. ಅವನ ಮನೆಯಲ್ಲೂ ದಾರಿ ಕಾಯುವವರಿದ್ದಾರೆ. ನಮ್ಮ ಒಂದು ಫೋಟೋಕ್ಕಾಗಿ ಅವನ ಜೀವವನ್ನು ಪಣಕ್ಕಿಡುವ ಹಕ್ಕು ನಮಗೆ ಯಾರು ಕೊಟ್ಟರು?

ದೂರದ ದೇವರ ಗುಡಿಗೆ ಹೋಗಿ ದರ್ಶನವಾಗದೆ ಮರಳುವುದನ್ನು ನಾವು ಕೊರತೆಯೆಂದು ಎಣಿಸುತ್ತೇವೆ. ಆ ಮನಸ್ಸನ್ನೇ ಬೆಟ್ಟಕ್ಕೂ ಕಡಲಿಗೂ ಒಯ್ಯುತ್ತೇವೆ. ಸಾಲ ಮಾಡಿ, ರಜೆ ಹಾಕಿ, ಸಾವಿರಾರು ಕಿ.ಮೀ. ಬಂದಿದ್ದೇವೆ, ಇನ್ನೇನು ಹತ್ತು ಹೆಜ್ಜೆ ಎಂಬ ಒತ್ತಡ ಅಲ್ಲಿಂದ ಹುಟ್ಟುತ್ತದೆ. ಈ ಒತ್ತಡವನ್ನು ಅಂಚಿನಲ್ಲಿ ನಿಂತಾಗ ಗೆಲ್ಲುವುದು ಕಷ್ಟ. ಮನೆಯಲ್ಲಿರುವಾಗಲೇ ಗೆಲ್ಲಬೇಕು. ಹೊರಡುವ ಮುನ್ನ ಗಂಡ, ಹೆಂಡತಿ, ಮಕ್ಕಳು ಕೂತು ಮಾತಾಡಿಕೊಳ್ಳಲಿ: ಅಲ್ಲಿ ಬೇಡವೆಂದರೆ ಆ ದಿನ ಏನು ಮಾಡುತ್ತೇವೆ? ಬೇರೆ ಏನನ್ನು ನೋಡುತ್ತೇವೆ? ಆ ಎರಡನೆಯ ಯೋಜನೆ ಕೈಯಲ್ಲಿದ್ದವನಿಗೆ ಹಿಂದೆ ಸರಿಯುವುದು ಸೋಲಾಗಿ ಕಾಣುವುದಿಲ್ಲ.

ಶಾಲೆಗಳಿಗೆ ನನ್ನ ಬೇಡಿಕೆ ಇನ್ನೂ ನೇರವಾದದ್ದು. ಕರಾವಳಿ ಪ್ರವಾಸ ಹೊರಡುವ ಮೊದಲು ಒಂದು ಅವಧಿಯಾದರೂ ಉಬ್ಬರ, ಇಳಿತ, ಸುಳಿ, ಜಾರುವ ಬಂಡೆಗಳ ಪಾಠ ನಡೆಯಲಿ. ಇಷ್ಟು ಮಕ್ಕಳಿಗೆ ಒಬ್ಬ ಶಿಕ್ಷಕರು ಎಂದು ಹೆಸರು ಬರೆದೇ ಹಂಚಿರಲಿ. ದಂಡೆಗೆ ಇಳಿಯುವ ಮೊದಲು ಅಲ್ಲಿಯ ಜೀವರಕ್ಷಕರನ್ನು ಕಂಡು, ಇವತ್ತು ಕಡಲು ಹೇಗಿದೆ ಎಂದು ಕೇಳಲಿ. ಅವರು ಬೇಡವೆಂದರೆ ಬಸ್ಸು ತಿರುಗಲಿ. ಹಾಗೆ ತಿರುಗಿ ಬಂದ ಶಿಕ್ಷಕರನ್ನು ಪಾಲಕರಾದ ನಾವು ದೂರಬಾರದು, ದುಡ್ಡು ವಾಪಸು ಕೇಳಬಾರದು. ಅವರ ಬೆನ್ನಿಗೆ ನಿಲ್ಲಬೇಕು. ಶಿಕ್ಷಕರಿಗೆ ಆ ಧೈರ್ಯ ಬರುವುದು ನಮ್ಮಿಂದಲೇ.

ನಮ್ಮ ಮಕ್ಕಳು ಬ್ಯಾರನ್ ದ್ವೀಪದ ಹೊಗೆಯನ್ನು ನೋಡಲಿ, ಹವಾಯಿಯ ಕೆಂಪು ನದಿಯನ್ನು ನೋಡಲಿ, ಮಲ್ಪೆಯ ಕಂಬಗಳ ನಡುವೆ ನಿಂತು ಭೂಮಿಯ ವಯಸ್ಸನ್ನು ಎಣಿಸಲಿ. ಜಗತ್ತು ನೋಡುವ ಆಸೆ ದೊಡ್ಡದು, ಅದನ್ನು ಅದುಮಬಾರದು. ಆ ಆಸೆಗೆ ದೂರದ ಅಳತೆಯನ್ನೂ ಮರಳುವ ಮನಸ್ಸನ್ನೂ ಜೋಡಿಸಿ ಕಳಿಸುವುದು ಹಿರಿಯರಾದ ನಮ್ಮ ಹೊಣೆ. ಈ ವರ್ಷದ ಶಾಲಾ ಪ್ರವಾಸಗಳು ಹೊರಡುವ ಮೊದಲೇ ಈ ತಾಲ್ಲೂಕಿನ ಶಿಕ್ಷಕರೂ ಪಾಲಕರೂ ಒಂದು ಸಭೆ ಸೇರಿ ಇದನ್ನು ನಿರ್ಧರಿಸಲಿ ಎಂದು ಕೇಳಿಕೊಳ್ಳುತ್ತೇನೆ.